ಮಣ್ಣು ಮಾಡಿದ ಜಾಗಗಳ ಪಟ್ಟಿ: ಕಳಸ ಸೀಮೆಯ ಒಂದು ಮಲೆಕುಡಿಯ ಕಾಲೋನಿಯ ಹೆಂಗಸರ ಪ್ರಕರಣ

ಚಿಕ್ಕಮಗಳೂರು ಜಿಲ್ಲೆಯ ಕಳಸ ಸೀಮೆಯಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿಗೆ ಮಲೆಕುಡಿಯ ಬುಡಕಟ್ಟಿನವರ ಒಂದು ಕಾಲೋನಿಯಿದೆ. ಅಲ್ಲಿನ ಹೆಂಗಸರು ತಿರಸ್ಕೃತವಾಗಿದ್ದ ಅರಣ್ಯ ಹಕ್ಕಿನ ಅರ್ಜಿಗಳಿಗೆ ಸಾಕ್ಷ್ಯ ಹುಡುಕಲು ಹೊರಟರು. ಆ ಹುಡುಕಾಟದ ದಾರಿಯಲ್ಲೇ ತಮ್ಮ ಊರು ಎಷ್ಟೋ ವರ್ಷಗಳಿಂದ ಬಾಯಿ ಬಿಟ್ಟು ಆಡದೆ ಇಟ್ಟುಕೊಂಡಿದ್ದ ದುಃಖಗಳನ್ನು ಎದುರುಗೊಂಡರು. ಆ ಕೆಲಸ ನಡೆದ ಬಗೆಯನ್ನು ಈ ಬರಹ ದಾಖಲಿಸುತ್ತದೆ. ಕಾಗದಪತ್ರ ಬರೆಯಲು ನೆರವಾಗುವವಳಾಗಿ ನಾನು ಅಲ್ಲಿಗೆ ಹೋಗಿ ಬರುತ್ತಿದ್ದೆ. ಕಾಲೋನಿಯ ಹೆಸರನ್ನಾಗಲಿ ಅಲ್ಲಿನವರ ಹೆಸರನ್ನಾಗಲಿ ಎಲ್ಲೂ ಹಾಕಬಾರದೆಂದು ಅವರು ಕೇಳಿಕೊಂಡಿದ್ದರಿಂದ ಇಲ್ಲಿ ಯಾರನ್ನೂ ಹೆಸರಿಸಿಲ್ಲ.

ಬುಡಕಟ್ಟು ಸಮುದಾಯಗಳ ನಡುವೆ ಕೆಲಸ ಮಾಡುವ ನಾವು ಹಕ್ಕಿನ ವಿಚಾರಕ್ಕೆ ಒಂದು ಕಡತ, ಆರೋಗ್ಯ ಮತ್ತು ಕುಡಿತದ ವಿಚಾರಕ್ಕೆ ಇನ್ನೊಂದು ಕಡತ ಎಂದು ಬೇರೆ ಮಾಡಿಕೊಳ್ಳುತ್ತೇವೆ. ಅನುದಾನ ಬರುವುದೂ ಹಾಗೆಯೇ, ತರಬೇತಿ ನಡೆಯುವುದೂ ಹಾಗೆಯೇ. ಈ ಕಾಲೋನಿಯಲ್ಲಿ ಆ ವಿಂಗಡಣೆ ಒಂದು ದಿನವೂ ಉಳಿಯಲಿಲ್ಲ. ಅದನ್ನು ಮುರಿದವರು ಓದು ಬರಹ ಬಾರದ, ಎಪ್ಪತ್ತು ದಾಟಿದ ಒಬ್ಬ ಸೂಲಗಿತ್ತಿ ಅಜ್ಜಿ ಮತ್ತು ಆಕೆಯ ಹಿಂದೆ ಗುಡ್ಡ ಹತ್ತಿದ ಹತ್ತು ಹನ್ನೆರಡು ಹೆಂಗಸರು.

ಊರು ಮತ್ತು ಅದರ ಮೌನ

ಕಾಲೋನಿಯಲ್ಲಿ ಇಪ್ಪತ್ತು ಚಿಲ್ಲರೆ ಮನೆಗಳಿವೆ. ಕೆಲವರಿಗೆ ಮನೆಯ ಹಿಂದೆ ಅರ್ಧ ಎಕರೆ, ಒಂದು ಎಕರೆ ಕಾಫಿ, ಅದರ ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ ಇದೆ. ಉಳಿದವರೆಲ್ಲ ಸುತ್ತಲಿನ ತೋಟಗಳಲ್ಲಿ ಕೂಲಿಗೆ ಹೋಗುತ್ತಾರೆ. ಕಾಫಿ ಹಣ್ಣು ಕುಯ್ಯುವ ತಿಂಗಳುಗಳಲ್ಲಿ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ಕೆಲಸವೂ ಇಲ್ಲ, ದಾರಿಯೂ ಇಲ್ಲ. ಮಳೆಗಾಲದಲ್ಲಿ ಸರ್ಕಾರ ಕೊಡುವ ಪೌಷ್ಟಿಕ ಆಹಾರದ ಬೇಳೆ, ಮೊಟ್ಟೆ, ತುಪ್ಪ ಮತ್ತು ಗೂಡಂಗಡಿಯ ಸಾಲ, ಇವೆರಡರ ಮೇಲೆ ಮನೆಗಳು ನಡೆಯುತ್ತವೆ. ಸೀಗೆಕಾಯಿ, ವಾಟೆಹುಳಿ, ರಾಂಪತ್ರೆ, ಜೇನು ತರುವ ರೂಢಿ ಇನ್ನೂ ಇದೆ, ಆದರೆ ಭಯದ ನಡುವೆ ಇದೆ.

ಆ ಭಯಕ್ಕೆ ಹಲವು ಪದರಗಳಿವೆ. ಕುದುರೆಮುಖ ಉದ್ಯಾನಕ್ಕೆ 1987ರಲ್ಲಿ ಪ್ರಾಥಮಿಕ ಅಧಿಸೂಚನೆ, 2001ರಲ್ಲಿ ಅಂತಿಮ ಅಧಿಸೂಚನೆ ಹೊರಟಿತು. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿದ ಸುಮಾರು 600 ಚದರ ಕಿಲೋಮೀಟರ್ ಕಾಡು ಅದರೊಳಗೆ ಸೇರಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತದ್ದು ಕಾಡಿಗೆ ಒಳ್ಳೆಯದಾಯಿತು. ಆದರೆ ಗಣಿಗೂ ಮೊದಲಿನಿಂದ ಅಲ್ಲಿದ್ದವರ ಪ್ರಶ್ನೆ ಹಾಗೆಯೇ ಉಳಿಯಿತು. ಪರಿಹಾರ ಪಡೆದು ಕೆಲವು ಕುಟುಂಬಗಳು ಕೆಳಗೆ ಇಳಿದವು. ಅವರ ಮನೆಗಳ ಅಡಿಪಾಯದ ಮೇಲೆ ಈಗ ಲಂಟಾನ ಬೆಳೆದಿದೆ, ಒಂದು ಹಲಸಿನ ಮರ ಮಾತ್ರ ವರ್ಷ ವರ್ಷ ಕಾಯಿ ಬಿಡುತ್ತದೆ. ಇದಕ್ಕೆ ಸೇರಿಕೊಂಡು 2003ರ ಸುಮಾರಿನಿಂದ ಈ ಗಟ್ಟದ ಊರುಗಳು ನಕ್ಸಲರ ಓಡಾಟ ಮತ್ತು ಪೊಲೀಸರ ಶೋಧದ ನಡುವೆ ಬದುಕಿದವು. ರಾತ್ರಿ ಬಾಗಿಲು ತಟ್ಟಿದವರು ಯಾರೇ ಆಗಿರಲಿ, ಬೆಳಗ್ಗೆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಕಾಲೋನಿಯವರು. ಸಂಜೆ ಹತ್ತು ಜನ ಒಂದೆಡೆ ಕೂತರೆ ಸಂಶಯ ಬರುತ್ತದೆಂದು ಹಿರಿಯರು ಕೂಡುವುದನ್ನೇ ಬಿಟ್ಟರು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿಗಳ ಮುಂದೆ ಶರಣಾದ ಸುದ್ದಿ ಬಂದಾಗ ಅಜ್ಜಿಯೊಬ್ಬರು, “ಇನ್ನು ಜಗಲಿಯಲ್ಲಿ ದೀಪ ಹಚ್ಚಿಟ್ಟುಕೊಂಡು ಕೂರಬಹುದು” ಎಂದರು. ಆ ಇಪ್ಪತ್ತು ವರ್ಷಗಳಲ್ಲಿ ಏನು ಕಳೆದುಹೋಗಿತ್ತು ಎಂಬುದು ನನಗೆ ಆಗ ಸರಿಯಾಗಿ ತಿಳಿಯಿತು. ಸತ್ತವರ ಮನೆಯಲ್ಲಿ ಕೂತು ಅಳುವುದಕ್ಕೂ ಜನ ಸೇರಬೇಕಾಗುತ್ತದೆ.

ಒಂದೇ ವರ್ಷದ ಅಂತರದಲ್ಲಿ ಕಾಲೋನಿಯಲ್ಲಿ ಮೂರು ಅಕಾಲ ಸಾವುಗಳಾಗಿದ್ದವು, ಮೂರರ ಹಿಂದೆಯೂ ಕುಡಿತವಿತ್ತು. ಯಾರೂ ಅದನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ‘ಹೊಟ್ಟೆನೋವು’ ಎನ್ನುತ್ತಿದ್ದರು.

ಅರ್ಜಿಯ ಕತೆ

ಅರಣ್ಯ ಹಕ್ಕು ಮಾನ್ಯತೆ ಕಾಯ್ದೆ 2006ರಲ್ಲಿ ಬಂತು, ಅದರ ನಿಯಮಗಳು 2008ರ ಜನವರಿಯಲ್ಲಿ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅರಣ್ಯ ಭೂಮಿಯಲ್ಲಿ ವಾಸವಿದ್ದು ಸಾಗುವಳಿ ಮಾಡುತ್ತಿರುವ ಪರಿಶಿಷ್ಟ ಪಂಗಡದವರಿಗೆ ನಾಲ್ಕು ಹೆಕ್ಟೇರ್ ಮಿತಿಯೊಳಗೆ ಅವರ ವಶದಲ್ಲಿರುವಷ್ಟು ಭೂಮಿಯ ಹಕ್ಕನ್ನು ಅದು ಮಾನ್ಯ ಮಾಡುತ್ತದೆ. ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ, ಬಳಸುವ, ಮಾರುವ ಹಕ್ಕನ್ನೂ, ಸಮುದಾಯವಾಗಿ ಕಾಡನ್ನು ಕಾಯ್ದು ನಿರ್ವಹಿಸುವ ಹಕ್ಕನ್ನೂ ಅದೇ ಕಾಯ್ದೆ ಹೇಳುತ್ತದೆ. ಅರ್ಜಿ ಮೊದಲು ಗ್ರಾಮಸಭೆಗೆ ಬರಬೇಕು. ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿ ಸ್ಥಳಕ್ಕೆ ಹೋಗಿ ಪರಿಶೀಲಿಸಬೇಕು. ಅಲ್ಲಿಂದ ಉಪವಿಭಾಗ ಮಟ್ಟದ ಸಮಿತಿಗೆ, ಕೊನೆಗೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬೇಕು.

ಕಾಲೋನಿಯ ಗಂಡಸರು ಮೊದಲ ಸುತ್ತಿನಲ್ಲೇ ಅರ್ಜಿ ಹಾಕಿದ್ದರು. ಪಡಿತರ ಚೀಟಿಯ ನಕಲು, ಮತದಾರರ ಗುರುತಿನ ಚೀಟಿಯ ನಕಲು, ಅಷ್ಟೇ. ಕೆಲವರ ಜಾತಿ ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಪ್ರಮಾಣಪತ್ರದಲ್ಲಿ ಇನ್ನೊಂದು ರೀತಿ ಇತ್ತು. ಹಲವು ವರ್ಷಗಳ ಬಳಿಕ ಬಹುಪಾಲು ಅರ್ಜಿಗಳು ‘ಸಾಕ್ಷ್ಯ ಸಾಲದು’ ಎಂದು ತಿರಸ್ಕಾರವಾಗಿವೆ ಎಂಬ ಮಾತು ಬಂತು. ಲಿಖಿತವಾಗಿ ಯಾರ ಕೈಗೂ ಏನೂ ಬರಲಿಲ್ಲ. ಆ ನಿಯಮಗಳಿಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ ತಿರಸ್ಕಾರದ ನಿರ್ಧಾರವನ್ನು ಕಾರಣ ಸಹಿತ ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು, 60 ದಿನಗಳೊಳಗೆ ಮೇಲಿನ ಸಮಿತಿಗೆ ಮೇಲ್ಮನವಿ ಹೋಗಬಹುದು. ಕಾಗದವೇ ಸಿಗದವನಿಗೆ ಅರವತ್ತು ದಿನ ಎಂದಿನಿಂದ ಶುರು? ಈ ಪ್ರಶ್ನೆಯನ್ನು ನಾನು ಒಬ್ಬ ಅಧಿಕಾರಿಯ ಮುಂದೆ ಇಟ್ಟಾಗ ಅವರು ಸುಮ್ಮನಾದರು. ಅವರನ್ನು ದೂರಲಾರೆ, ಕಡತ ಅವರ ಕಾಲದ್ದಾಗಿರಲಿಲ್ಲ.

2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕಾರವಾದವರನ್ನು ಅರಣ್ಯದಿಂದ ತೆರವುಗೊಳಿಸಬೇಕೆಂಬ ಅರ್ಥದ ಆದೇಶ ಸುಪ್ರೀಂ ಕೋರ್ಟಿನಿಂದ ಹೊರಟಿತು. ಅದೇ ತಿಂಗಳ 28ರಂದು ನ್ಯಾಯಾಲಯವೇ ಅದಕ್ಕೆ ತಡೆ ನೀಡಿ, ತಿರಸ್ಕಾರದ ಪ್ರಕ್ರಿಯೆ ಹೇಗೆ ನಡೆಯಿತೆಂದು ರಾಜ್ಯಗಳನ್ನು ಕೇಳಿತು. ನಡುವಿನ ಹದಿನೈದು ದಿನ ಕಾಲೋನಿಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ ಎನ್ನುತ್ತಾರೆ. ಆ ವರ್ಷ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡಗಳು ಕುಸಿದು ತೋಟ ಮನೆಗಳು ಮಣ್ಣಿನಡಿ ಹೋದವು. ‘ಇನ್ನು ಇಲ್ಲಿ ಇರುವುದರಲ್ಲಿ ಅರ್ಥವಿಲ್ಲ’ ಎಂದು ಗಂಡಸರಲ್ಲಿ ಅರ್ಧ ಜನ ಸೋತು ಕೂತದ್ದು ಆಗಲೇ.

ಹೆಂಗಸರು ಎದ್ದದ್ದೂ ಆಗಲೇ. ಅದಕ್ಕೆ ಕಾರಣ ಒಂದು ಸಣ್ಣ ಸಂಗತಿ. ಮರುಪರಿಶೀಲನೆಗೆಂದು ಹಳೆಯ ನಡಾವಳಿ ಪುಸ್ತಕ ತೆರೆದಾಗ ಅರಣ್ಯ ಹಕ್ಕು ಸಮಿತಿಯಲ್ಲಿ ತಮ್ಮ ಪೈಕಿ ನಾಲ್ವರ ಹೆಸರಿರುವುದು ಅವರಿಗೇ ಹೊಸದಾಗಿ ತಿಳಿಯಿತು. ಹತ್ತರಿಂದ ಹದಿನೈದು ಜನರ ಆ ಸಮಿತಿಯಲ್ಲಿ ಮೂರನೇ ಒಂದರಷ್ಟಾದರೂ ಮಹಿಳೆಯರಿರಬೇಕೆಂದು ನಿಯಮವಿದೆ. ಲೆಕ್ಕ ಸರಿಮಾಡಲು ಮನೆಗೆ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದರು, ಯಾವುದಕ್ಕೆಂದು ಹೇಳಿರಲಿಲ್ಲ. ನಾಲ್ವರಲ್ಲಿ ಒಬ್ಬಾಕೆ, ಆಗ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವರು, ಪುಸ್ತಕದ ಆ ಪುಟದ ಮೇಲೆ ತಮ್ಮ ಹೆಬ್ಬೆಟ್ಟನ್ನು ಇಟ್ಟು ಹಳೆಯ ಗುರುತಿಗೆ ಹೊಂದಿಸಿ ನೋಡಿದರು. “ನಾನು ಮೆಂಬರಂತೆ ಮೇಡಂ. ಹತ್ತು ವರ್ಷ ಮೆಂಬರಾಗಿದ್ದೆನಂತೆ” ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚು ಅವಮಾನವಿತ್ತು. ಮುಂದಿನ ಗ್ರಾಮಸಭೆಗೆ ಅವರು ಮನೆಮನೆಗೆ ಹೋಗಿ ಹೆಂಗಸರನ್ನು ಕರೆತಂದರು. ಸಭೆಗೆ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಜನ ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು ಎಂಬ ನಿಯಮವನ್ನು ಅವರು ಬಾಯಿಪಾಠ ಮಾಡಿಕೊಂಡಿದ್ದರು. ಕಾಲೋನಿಯ ಮುಖಂಡರಾದ ಗುರಿಕಾರರು ಮೊದಲಿಗೆ ಮುಖ ಸಿಂಡರಿಸಿದರೂ ತಡೆಯಲಿಲ್ಲ. ಸಮಿತಿ ಹೊಸದಾಗಿ ರಚನೆಯಾಯಿತು.

ಗುಡ್ಡದ ಮೇಲಿನ ಒಂದು ದಿನ

ಅರಣ್ಯ ಹಕ್ಕು ಕಾಯ್ದೆಯ ನಿಯಮ 13 ಯಾವ ಯಾವ ಸಾಕ್ಷ್ಯ ನಡೆಯುತ್ತದೆಂದು ಹೇಳುತ್ತದೆ. ಸರ್ಕಾರಿ ದಾಖಲೆ, ಗುರುತಿನ ಚೀಟಿ, ಮನೆ, ಕಟ್ಟಿದ ಬದು, ಇವುಗಳ ಜೊತೆಗೆ ಬಾವಿ, ಸ್ಮಶಾನ, ದೇವರ ಬನಗಳಂತಹ ಹಳೆಯ ಕುರುಹುಗಳೂ ಅದರಲ್ಲಿ ಸೇರಿವೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಸಾಕ್ಷ್ಯವೇ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ಇರಬೇಕು ಎಂಬುದು ಮುಖ್ಯ. ನಾನು ಇದನ್ನು ಅಂಗನವಾಡಿಯ ಕಟ್ಟೆಯಲ್ಲಿ ಓದಿ ಹೇಳುತ್ತಿದ್ದಾಗ ‘ಸ್ಮಶಾನ’ ಎಂಬ ಮಾತಿಗೆ ಎಲ್ಲರೂ ಸೂಲಗಿತ್ತಿ ಅಜ್ಜಿಯ ಕಡೆ ತಿರುಗಿದರು. ಕಾಲೋನಿಗೆ ಬೇಲಿ ಹಾಕಿದ ಸ್ಮಶಾನವೆಂಬುದಿಲ್ಲ. ಮನೆಗಳ ಮೇಲಿನ ಇಳಿಜಾರಿನಲ್ಲಿ, ಮರಗಳ ಬುಡದಲ್ಲಿ, ಒಂದು ಕಲ್ಲು ನೆಟ್ಟು ಮಣ್ಣು ಮಾಡುತ್ತ ಬಂದಿದ್ದಾರೆ. ದೊಡ್ಡವರದ್ದನ್ನು ಗಂಡಸರು ಬಲ್ಲರು. ಹೆರಿಗೆಯಲ್ಲಿ ಹೋದವರ, ಹುಟ್ಟುತ್ತಲೇ ಹೋದ ಕೂಸುಗಳ ಜಾಗ ಬಲ್ಲವರು ಅಜ್ಜಿಯೊಬ್ಬರೇ. ಏಕೆಂದರೆ ಅವುಗಳಲ್ಲಿ ಎಷ್ಟನ್ನೋ ತಮ್ಮ ಕೈಯಿಂದಲೇ ಇಟ್ಟು ಬಂದಿದ್ದರು.

ಮಳೆ ಬಿಟ್ಟ ಒಂದು ಬೆಳಗ್ಗೆ ನಾವು ಹೊರಟೆವು. ನೆಲ ಇನ್ನೂ ಹಸಿಯಾಗಿತ್ತು, ಇಂಬಳಗಳಿಗೆ ಹೆದರಿ ಎಲ್ಲರೂ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡಿದ್ದರು. ಅಜ್ಜಿ ಕಂಬಳಿ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಕತ್ತಿ ಹಿಡಿದು ಪೊದೆ ಸವರುತ್ತ ಮುಂದೆ ನಡೆದರು. ಪಿಯುಸಿ ಓದುತ್ತಿದ್ದ ಒಬ್ಬ ಹುಡುಗಿ ನೋಟ್‌ಬುಕ್ ಹಿಡಿದಿದ್ದಳು. ಅಜ್ಜಿಗೆ ಇಸವಿ ಗೊತ್ತಿಲ್ಲ, ಅವರ ಲೆಕ್ಕವೇ ಬೇರೆ. “ಇದು ಪುಷ್ಯ ಮಳೆಯಲ್ಲಿ ಹೋದದ್ದು, ಆವತ್ತು ಸಂಕ ಕೊಚ್ಚಿಹೋಗಿತ್ತು.” “ಇದು ಇವಳ ಅತ್ತೆ, ನನಗೆ ಕೆಲಸ ಕಲಿಸಿದವಳು.” ಮತ್ತಿ ಮರದ ಬುಡದಲ್ಲಿ ಎರಡು ಕಲ್ಲು, ರಂಜದ ಕೆಳಗೆ ಒಂದು. ಸಂಕ ಕೊಚ್ಚಿಹೋದ ವರ್ಷ, ಗಣಿಯ ಕೆಲಸಕ್ಕೆ ಜನ ಹೊರಟ ವರ್ಷ, ಬಿದಿರು ಹೂ ಬಿಟ್ಟ ವರ್ಷ ಎಂಬ ಗುರುತುಗಳನ್ನು ಆಮೇಲೆ ನಾವು ಇಸವಿಗಳಿಗೆ ಹೊಂದಿಸಿದೆವು. ಆ ಕ್ಷಣದಲ್ಲಿ ಯಾರಿಗೂ ಅದರ ಮೇಲೆ ಗಮನವಿರಲಿಲ್ಲ.

ಒಂದು ಸಂಪಿಗೆ ಮರದ ಹತ್ತಿರ ಅಜ್ಜಿ ನಿಂತುಬಿಟ್ಟರು. ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೂತು, ಎಲೆಗಳನ್ನು ಕೈಯಿಂದ ಸರಿಸಿದರು. ಅಂಗೈಯಗಲದ ಒಂದು ಕಪ್ಪು ಕಲ್ಲು ಕಂಡಿತು. ಹಿಂದಿದ್ದ ಹೆಂಗಸರಲ್ಲಿ ಒಬ್ಬರನ್ನು, ಆ ಹುಡುಗಿಯ ತಾಯಿಯನ್ನು, ಕರೆದು, “ಇದು ನಿನ್ನ ಕೂಸು ಮಗಾ” ಎಂದರು. ಆಕೆಯ ಮೊದಲ ಹೆರಿಗೆ ಎರಡು ದಿನ ಹಿಡಿದಿತ್ತು. ಕೂಸು ಉಸಿರಾಡಲಿಲ್ಲ, ತಾಯಿಗೆ ಪ್ರಜ್ಞೆ ಇರಲಿಲ್ಲ. ಎಚ್ಚರವಾದ ಮೇಲೆ, ‘ಜಾಗ ಹೇಳಿದರೆ ಅಲ್ಲಿಗೇ ಹೋಗಿ ಕೂರುತ್ತಾಳೆ’ ಎಂದು ಮನೆಯವರು ಹೇಳಬೇಡವೆಂದಿದ್ದರು. ಅಜ್ಜಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಮಾತು ನಡೆಸಿದ್ದರು. ಆ ತಾಯಿ ಕೂಗಲಿಲ್ಲ. ಕಲ್ಲಿನ ಮೇಲೆ ಕೈಯಿಟ್ಟು ಕೂತರು, ಆಮೇಲೆ ಸೆರಗಿನಿಂದ ಕಲ್ಲಿನ ಹಾವಸೆಯನ್ನು ಒರೆಸತೊಡಗಿದರು, ಒರೆಸುತ್ತಲೇ ಇದ್ದರು. ಉಳಿದವರು ಒಬ್ಬೊಬ್ಬರಾಗಿ ಅವರ ಸುತ್ತ ಕೂತರು. ನಾವು ಅಂದು ಮಧ್ಯಾಹ್ನದವರೆಗೆ ಅಲ್ಲಿಂದ ಏಳಲಿಲ್ಲ. ಇನ್ನಿಬ್ಬರು ಹೆಂಗಸರು ತಮಗೂ ಅಂಥದೇ ಒಂದು ಜಾಗ ಇದೆಯೇ ಎಂದು ಅಜ್ಜಿಯನ್ನು ಕೇಳಿದರು. ಇತ್ತು.

ಸಾಕ್ಷ್ಯ ಸಂಗ್ರಹವೆಂದು ಹೊರಟ ಕೆಲಸಕ್ಕೆ ಹೀಗೆ ಇನ್ನೊಂದು ಮುಖ ಬಂತು. ಅಂದು ಸಂಜೆ ಆ ತಾಯಿಯ ಮನೆಯ ಜಗಲಿಯಲ್ಲಿ ಹೆಂಗಸರು ಸೇರಿದರು, ಮರುದಿನವೂ ಸೇರಿದರು. ಬಹಳ ಕಾಲದ ಮೇಲೆ ಆ ಊರಿನಲ್ಲಿ ಜನ ಕತ್ತಲಾದ ಮೇಲೆ ಒಟ್ಟಿಗೆ ಕೂತದ್ದು ಅದು. ಮೊದಲು ಸತ್ತ ಕೂಸುಗಳ ಮಾತು, ಆಮೇಲೆ ಸತ್ತ ಗಂಡಂದಿರ ಮಾತು. ಮೂರನೇ ವಾರದಲ್ಲಿ ಒಬ್ಬ ವಿಧವೆ, “ನನ್ನ ಗಂಡ ಹೊಟ್ಟೆನೋವಿನಿಂದ ಹೋದದ್ದಲ್ಲ” ಎಂದರು. ಕುಡಿತದ ವಿಚಾರ ಆ ಊರಿನಲ್ಲಿ ಮೊದಲ ಬಾರಿಗೆ ಎಲ್ಲರ ಮುಂದೆ ಬಂದದ್ದು ಆ ಒಂದು ವಾಕ್ಯದಿಂದ.

ಆಣೆ, ಮತ್ತು ಅದರಿಂದಾದ ಅನಾಹುತ

ಮುಂದೆ ಆದ ತಪ್ಪನ್ನು ಮುಚ್ಚಿಡಬಾರದು. ಬೇರೆ ಊರಿನವರಿಗೆ ಇದು ತಿಳಿದಿರಲೇಬೇಕು. ಕರ್ನಾಟಕದಲ್ಲಿ 2007ರ ಜುಲೈಯಿಂದ ಸಾರಾಯಿ ನಿಷೇಧವಾಗಿದೆ. ಸಾರಾಯಿ ಹೋದ ಜಾಗಕ್ಕೆ ಅಗ್ಗದ ಮದ್ಯದ ಪ್ಯಾಕೆಟ್ ಬಂತು. ಪರವಾನಗಿ ಇಲ್ಲದ ಗೂಡಂಗಡಿಗಳಲ್ಲೂ ಸಿಗತೊಡಗಿತು. ಬಟವಾಡೆಯ ದಿನ ಅದರ ಮುಂದೆಯೇ ಅರ್ಧ ಕೂಲಿ ಕರಗುತ್ತಿತ್ತು. ಹೆಂಗಸರು ಎಲ್ಲ ಗಂಡಸರನ್ನೂ ದೈವದ ಮುಂದೆ ನಿಲ್ಲಿಸಿ, ಆ ಕ್ಷಣದಿಂದ ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದರು. ನಾನೂ ಅಲ್ಲಿದ್ದೆ, ಸಂತೋಷಪಟ್ಟೆ. ಉತ್ತರ ಕನ್ನಡದ ಅಂಕೋಲಾದಲ್ಲಿ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡ ಅವರು ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತ ಸಂಗತಿಯನ್ನು ಹಿಂದಿನ ದಿನವಷ್ಟೇ ಅವರಿಗೆ ಹೇಳಿದ್ದೆ. ಆ ಹೋರಾಟ ನಡೆದ ಮೇಲೆ 2017ರಲ್ಲಿ ಪದ್ಮಶ್ರೀ ಬಂದಾಗ ಜನ ಅವರನ್ನು ಹಾಡುಗಾರ್ತಿಯೆಂದು ಹೆಚ್ಚು ಅರಿತರು. ಆದರೆ ಕಾಲೋನಿಯವರನ್ನು ಸೆಳೆದದ್ದು ಅವರ ಆ ಹೋರಾಟ.

ಆಣೆ ಮಾಡಿದ ಮೂರನೇ ದಿನ, ನಲವತ್ತರ ಹತ್ತಿರದ ಒಬ್ಬ ಗಂಡಸಿಗೆ ಮೈ ನಡುಗತೊಡಗಿತು. ಗೋಡೆಯ ಮೇಲೆ ಹುಳು ಹರಿಯುತ್ತಿದೆ ಎಂದು ಕೂಗಿಕೊಂಡರು, ರಾತ್ರಿ ಫಿಟ್ಸ್ ಬಂತು. ದೈವದ ಮುನಿಸೆಂದು ಕೆಲವರು ಹೆದರಿ ಹಿಂದೆ ಸರಿದರು. ಕಾಲೋನಿಯವರೆಗೆ 108 ಬರಲಾಗುವುದಿಲ್ಲ. ಕಂಬಳಿಯಲ್ಲಿ ಜೋಲಿ ಮಾಡಿ ಕೆಳಗಿನ ರಸ್ತೆಯವರೆಗೆ ಹೊತ್ತು ತಂದು ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ಬದುಕಿದರು. ವೈದ್ಯರು ಅಂದು ಹೇಳಿದ್ದನ್ನು ಹೆಂಗಸರು ಇಂದಿಗೂ ಮಾತು ತಪ್ಪದೆ ಹೇಳುತ್ತಾರೆ: ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ನಡುಕ, ಭ್ರಮೆ, ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು, ಅಂಥವರು ವೈದ್ಯರ ನಿಗಾದಲ್ಲಿ, ಮಾತ್ರೆಯ ಆಸರೆಯಲ್ಲಿ, ಥಯಾಮಿನ್ ಜೀವಸತ್ವ ತೆಗೆದುಕೊಳ್ಳುತ್ತ ಬಿಡಬೇಕು. ನನಗೆ ಇದು ತಿಳಿದಿರಬೇಕಿತ್ತು. ಆ ರಾತ್ರಿಯ ಹೊಣೆಯಲ್ಲಿ ನನ್ನ ಪಾಲೂ ಇದೆ ಎಂದು ಅವರ ಮುಂದೆಯೇ ಹೇಳಿದ್ದೇನೆ.

ಅಲ್ಲಿಂದ ಅವರ ರೀತಿ ಬದಲಾಯಿತು. ಸೂಲಗಿತ್ತಿ ಅಜ್ಜಿ ಒಂದು ಹೋಲಿಕೆ ಕೊಟ್ಟರು: ಹೆರಿಗೆಯಲ್ಲಿ ಅವಸರ ಮಾಡಿ ಎಳೆದರೆ ಕೂಸೂ ಇಲ್ಲ, ತಾಯಿಯೂ ಇಲ್ಲ. ದಿನವೂ ಬೆಳಗ್ಗೆಯೇ ಕುಡಿಯಲೇಬೇಕಾದವರು ಯಾರು, ಸಂತೆಗೆ ಹೋದಾಗ ಮಾತ್ರ ಕುಡಿಯುವವರು ಯಾರು ಎಂದು ಆಶಾ ಕಾರ್ಯಕರ್ತೆಯ ನೆರವಿನಿಂದ ಬೇರೆ ಮಾಡಿಕೊಂಡರು. ಮೊದಲ ಗುಂಪಿನವರನ್ನು ಮಾನಸಿಕ ಆರೋಗ್ಯದ ವೈದ್ಯರು ಬರುವ ದಿನ ನೋಡಿಕೊಂಡು ಆಸ್ಪತ್ರೆಗೆ ಕರೆದೊಯ್ಯುವುದಕ್ಕೆ ಸರದಿ ಹಾಕಿದರು. ಗಂಡನ ಜೊತೆ ಆತನ ಹೆಂಡತಿ ಹೋಗಬಾರದು, ಬೇರೆ ಮನೆಯ ಹಿರಿಯ ಹೆಂಗಸು ಹೋಗಬೇಕು ಎಂಬುದು ಅವರೇ ಮಾಡಿಕೊಂಡ ಕಟ್ಟಳೆ. ಹೆಂಡತಿಯ ಮುಂದೆ ಗಂಡಸು ವೈದ್ಯರಿಗೆ ನಿಜ ಹೇಳುವುದಿಲ್ಲ, ದಾರಿಯಲ್ಲಿ ಜಗಳವೂ ಆಗುತ್ತದೆ. ದೊಡ್ಡಮ್ಮನ ಸಮಾನದವರ ಮುಂದೆ ತಲೆ ತಗ್ಗಿಸಿ ಹೇಳುತ್ತಾನೆ. ನಾನು ಓದಿದ ಯಾವ ಕೈಪಿಡಿಯಲ್ಲೂ ಇದನ್ನು ಕಂಡಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ ಆರಂಭವಾದ ಮೇಲೆ 14416 ಎಂಬ ಸಂಖ್ಯೆಯನ್ನು ಅಂಗನವಾಡಿಯ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದಿಟ್ಟರು. ನೆಟ್‌ವರ್ಕ್ ಸಿಗುವುದು ಮೇಲಿನ ಬಂಡೆಯ ಹತ್ತಿರ ಮಾತ್ರ, ಆದರೂ ಇಬ್ಬರು ಅಲ್ಲಿಗೆ ಹತ್ತಿ ಮಾತಾಡಿದ್ದಾರೆ.

ಬೈನೆ ಮರದ ಕಳ್ಳಿನ ಬಗ್ಗೆ ಚರ್ಚೆಯಾಯಿತು. ಹಿರಿಯರಿಗೆ ಎಡೆ ಇಡುವಾಗ ಅದು ಬೇಕು. ಎಡೆಗೆ ಇರಲಿ, ಪ್ಯಾಕೆಟ್ ಬೇಡ ಎಂದು ತೀರ್ಮಾನವಾಯಿತು.

ಗೂಡಂಗಡಿಯ ಮೇಲೆ ದೂರು ಕೊಡುವುದು ಸುಲಭವಾಗಿರಲಿಲ್ಲ. ಪ್ಯಾಕೆಟ್ ಮಾರುವವನೇ ಮಳೆಗಾಲದಲ್ಲಿ ಅಕ್ಕಿ, ಎಣ್ಣೆ ಕಡ ಕೊಡುವವನು. ಹೊರಗಿನಿಂದ ಬಂದ ನಾವು ಒಂದು ಅರ್ಜಿ ಬರೆದು ಕೊಟ್ಟುಬಿಡೋಣ ಎಂದಾಗ ಅಂಗನವಾಡಿಯ ಆ ಸಹಾಯಕಿ ತಡೆದರು. ಮೊದಲು ಪ್ರತಿ ಮನೆಯ ಬಾಕಿ ಬರೆದುಕೊಂಡರು. ರಾಜ್ಯದಲ್ಲಿ 2000-01ರಿಂದ ಇರುವ ಸ್ತ್ರೀಶಕ್ತಿ ಯೋಜನೆಯಡಿ ಅವರದೊಂದು ಗುಂಪಿತ್ತು, ಸತ್ತಂತಿತ್ತು. ಅದನ್ನು ಎಬ್ಬಿಸಿ, ಕಾಫಿ ಕುಯ್ಲಿನ ಕಾಲದಲ್ಲಿ ವಾರ ವಾರ ಹಣ ಹಾಕಿ, ಆ ಹಣದಿಂದ ಬಾಕಿ ತೀರಿಸುತ್ತ ಬಂದರು. ಮಳೆಗಾಲಕ್ಕೆ ಬೇಕಾದ ಅಕ್ಕಿಯನ್ನು ಮೇ ತಿಂಗಳಲ್ಲೇ ಒಟ್ಟಿಗೆ ಕೊಂಡು ಅಂಗನವಾಡಿಯ ಪಕ್ಕದ ಕೋಣೆಯಲ್ಲಿ ಇಟ್ಟರು. ದೂರು ಹೋದದ್ದು ಅದಾದ ಮೇಲೆ. ಒಂದು ವರ್ಷ ತಡವಾಯಿತು, ಆದರೆ ಯಾವ ಮನೆಯ ಒಲೆಯೂ ಆರಲಿಲ್ಲ. ಆ ಅಂಗಡಿಯಲ್ಲಿ ಮಾರಾಟ ನಿಂತಿದೆ. ಮುಖ್ಯರಸ್ತೆಯ ಇನ್ನೊಂದು ಕಡೆ ಸಿಗುತ್ತದೆ, ಕೆಲವರು ಅಲ್ಲಿಗೆ ಹೋಗುತ್ತಾರೆ.

ಇದೆಲ್ಲದಕ್ಕೆ ಹೆಂಗಸರು ತೆತ್ತ ಬೆಲೆಯೂ ಇದೆ. ಸಭೆ, ಆಸ್ಪತ್ರೆ, ಕಚೇರಿ ಎಂದು ಓಡಾಡಿದ ದಿನಗಳ ಕೂಲಿ ಹೋಯಿತು. ಒಂದು ತೋಟದ ಮೇಸ್ತ್ರಿ ಇಬ್ಬರನ್ನು ಕೆಲಸಕ್ಕೆ ಕರೆಯುವುದನ್ನೇ ನಿಲ್ಲಿಸಿದ. ಒಬ್ಬಾಕೆಯನ್ನು ಗಂಡ ಹೊಡೆದು ಹೊರಹಾಕಿದ. ಆಕೆ ಈಗ ಬೇರೊಂದು ತೋಟದ ಲೈನ್ ಮನೆಯಲ್ಲಿದ್ದಾರೆ, ಕಾಲೋನಿಗೆ ಮರಳಲು ಒಪ್ಪುವುದಿಲ್ಲ. ನಾಯಕತ್ವ ತರಬೇತಿಗೆಂದು ಹೆಂಗಸರನ್ನು ಊರಿಂದೂರಿಗೆ ಕರೆದೊಯ್ಯುವ ನಾವು ಈ ಬೆಲೆಯನ್ನು ಎಂದೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರಯಾಣಭತ್ಯೆಯ ಜೊತೆಗೆ ಆ ದಿನದ ಕೂಲಿಯನ್ನೂ ಕೊಡಬೇಕು.

ಹೇಳಿಕೆ ಮತ್ತು ಹಕ್ಕುಪತ್ರ

ಹಿರಿಯರ ಹೇಳಿಕೆ ನಡೆಯಬೇಕಾದರೆ ಹೇಳುವವರು ಅರ್ಜಿದಾರರಾಗಿರಬಾರದು. ಸೂಲಗಿತ್ತಿ ಅಜ್ಜಿಯ ಹೆಸರಿನಲ್ಲೂ ಒಂದು ಅರ್ಜಿಯಿತ್ತು. ಅವರ ಹೇಳಿಕೆ ಬೇರೆಯವರಿಗೆ ಉಪಯೋಗವಾಗುತ್ತದೆ, ಅವರ ಅರ್ಜಿಗೆ ಯಾರ ಹೇಳಿಕೆ? ಹೆಂಗಸರು ಇದಕ್ಕೆ ದಾರಿ ಕಂಡದ್ದು ನೆಂಟಸ್ತಿಕೆಯಲ್ಲಿ. ಗುಡ್ಡದಾಚೆಯ ಇನ್ನೊಂದು ಕಾಲೋನಿಯಿಂದ ಇಲ್ಲಿಗೆ ಮದುವೆಯಾಗಿ ಬಂದವರಿದ್ದರು, ಇಲ್ಲಿಂದ ಅಲ್ಲಿಗೆ ಹೋದವರೂ ಇದ್ದರು. ಅಲ್ಲಿಯ ಹಿರಿಯ ಹೆಂಗಸರು ಇಲ್ಲಿಗೆ ಬಂದು ಹೇಳಿಕೆ ಕೊಟ್ಟರು, ಅಜ್ಜಿ ಅಲ್ಲಿಗೆ ಹೋಗಿ ಕೊಟ್ಟರು. ಹೆಣ್ಣುಮಕ್ಕಳು ತವರು ಬಿಟ್ಟು ಬರುವ ಪದ್ಧತಿಯಿಂದಲೇ ಎರಡೂರಿನ ಚರಿತ್ರೆ ಬಲ್ಲ ಸಾಕ್ಷಿಗಳು ಸಿಕ್ಕರು. ಮಣ್ಣು ಮಾಡಿದ ಜಾಗಗಳನ್ನೂ ಹಳೆಯ ಬಾವಿಯನ್ನೂ ದೈವದ ಬನವನ್ನೂ ಗುರುತಿಸಿದ ಕೈನಕ್ಷೆ, ಹೇಳಿಕೆಗಳ ಪ್ರತಿ, ಎರಡನ್ನೂ ಸೇರಿಸಿ ಗ್ರಾಮಸಭೆಯ ನಿರ್ಣಯದೊಂದಿಗೆ ಕಳುಹಿಸಲಾಯಿತು. ಪರಿಶೀಲನೆಗೆ ಬಂದ ಸಿಬ್ಬಂದಿಯೊಬ್ಬರು ಉಪಗ್ರಹ ಚಿತ್ರದಲ್ಲಿ ಇಲ್ಲಿ ಸಾಗುವಳಿ ಕಾಣುವುದಿಲ್ಲ ಎಂದರು. ಮರಗಳ ನೆರಳಿನಲ್ಲಿ ಬೆಳೆಯುವ ಕಾಫಿ ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ. ಆ ಚಿತ್ರ ಇತರ ಸಾಕ್ಷ್ಯಕ್ಕೆ ಪೂರಕವಾಗಬಹುದೇ ಹೊರತು ಅದರ ಬದಲಿಗೆ ನಿಲ್ಲಲಾರದು ಎಂದು ನಿಯಮವೇ ಹೇಳುತ್ತದೆ. ಇದನ್ನು ಅವರಿಗೆ ಹೇಳಿದ್ದು ನಾನಲ್ಲ. ಹತ್ತು ವರ್ಷ ತಾನು ಸದಸ್ಯೆಯೆಂದೇ ತಿಳಿಯದಿದ್ದ ಆ ಅಂಗನವಾಡಿ ಸಹಾಯಕಿ.

ವೈಯಕ್ತಿಕ ಅರ್ಜಿಗಳಲ್ಲಿ ಕೆಲವಕ್ಕೆ ಹಕ್ಕುಪತ್ರ ಬಂದಿದೆ. ಕಾಯ್ದೆಯಂತೆ ಮದುವೆಯಾದವರಿಗೆ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ, ಒಬ್ಬರೇ ನಡೆಸುವ ಮನೆಗೆ ಅವರೊಬ್ಬರ ಹೆಸರಲ್ಲೂ ಪತ್ರ ಕೊಡಬೇಕು. ವಿಧವೆಯೊಬ್ಬರ ಪತ್ರದಲ್ಲಿ ಮೈದುನನ ಹೆಸರು ಸೇರಿಸುವ ಪ್ರಯತ್ನ ನಡೆದಾಗ ಹೆಂಗಸರು ಒಟ್ಟಾಗಿ ಹೋಗಿ ತಡೆದರು. ಹಕ್ಕುಪತ್ರವನ್ನು ಮಾರಲು ಬರುವುದಿಲ್ಲ, ಅದು ವಂಶಪಾರಂಪರ್ಯವಾಗಿ ಇಳಿಯುತ್ತದೆ ಎಂಬುದನ್ನು ಪ್ರತಿ ಮನೆಯಲ್ಲೂ ಓದಿ ಹೇಳಿದ್ದಾರೆ. ಸಮುದಾಯ ಹಕ್ಕಿನ ಅರ್ಜಿ ಇನ್ನೂ ಕಚೇರಿಯಲ್ಲಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲಿ ರಕ್ಷಿತಾರಣ್ಯದ ಒಳಗೇ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಮಾನ್ಯವಾದ ಸಂಗತಿಯನ್ನು ಇವರು ಪ್ರತಿ ಮನವಿಯಲ್ಲೂ ಬರೆಯುತ್ತಾರೆ. ಕುಯ್ಲು ಮುಗಿದ ಕೂಡಲೇ ಮತ್ತೆ ಹೋಗಿ ಕೇಳುವುದೆಂದು ಕಳೆದ ಸಭೆಯಲ್ಲಿ ನಿರ್ಣಯವಾಗಿದೆ.

ಸೂಲಗಿತ್ತಿ ಅಜ್ಜಿಗೆ ಈಗ ಗುಡ್ಡ ಹತ್ತಲಾಗುವುದಿಲ್ಲ. ವರ್ಷಕ್ಕೊಮ್ಮೆ, ಮಳೆ ಬಿಟ್ಟ ಮೇಲೆ, ಹೆಂಗಸರೇ ಹೋಗಿ ಪೊದೆ ಸವರಿ, ಕಲ್ಲುಗಳನ್ನು ಒರೆಸಿ, ಕೆಳಗೆ ಬಂದು ಅವರಿಗೆ ಒಂದೊಂದಾಗಿ ವರದಿ ಕೊಡುತ್ತಾರೆ. ಕಳೆದ ಬಾರಿ ನಾನು ಹೋದಾಗ, ಮಳೆಯ ತೇವಕ್ಕೆ ಮೊದಲ ನೋಟ್‌ಬುಕ್ಕಿನ ಹಾಳೆಗಳು ಅಂಟಿಕೊಂಡಿದ್ದವು. ಅಂದು ಪಿಯುಸಿಯಲ್ಲಿದ್ದ ಹುಡುಗಿ ರಜೆಗೆ ಬಂದಿದ್ದಳು, ಹೊಸ ಪುಸ್ತಕಕ್ಕೆ ಪಟ್ಟಿಯನ್ನು ನಕಲು ಮಾಡುತ್ತಿದ್ದಳು. ಸಂಪಿಗೆ ಮರದ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿದಳು. ಹಳೆಯ ಪುಸ್ತಕದಲ್ಲಿ ಅಲ್ಲಿ ತಾಯಿಯ ಹೆಸರಿತ್ತು, ಕೂಸಿನ ಹೆಸರಿನ ಜಾಗ ಖಾಲಿಯಿತ್ತು. “ಅಮ್ಮಾ, ಇಲ್ಲಿ ಏನು ಬರೀಲಿ?” ಎಂದು ಒಳಗೆ ಕೇಳಿದಳು. ಅಕ್ಕಿ ಆರಿಸುತ್ತಿದ್ದ ತಾಯಿ ಮೊರವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ದೊಡ್ಡ ಮಗಳು ಅಂತ ಬರಿ” ಎಂದರು. ಅಲ್ಲಿಯವರೆಗೆ ಆ ಮನೆಯಲ್ಲಿ ದೊಡ್ಡ ಮಗಳೆಂದು ಕರೆಸಿಕೊಂಡಿದ್ದವಳು ಅವಳೇ. ಅವಳು ಹಾಗೆಯೇ ಬರೆದಳು, ದುಂಡಗೆ.